ಸರ್ಕಾರದ ಇನ್ನೋವೇಶನ್ ಗ್ರಾಂಟಿಗೆ ಶಿರಸಿಯಲ್ಲೇ ಕೂತು ಅರ್ಜಿ ಹಾಕೋದು ಹೇಗೆ: ಐಡಿಯಾದಿಂದ ಯೂಸಿ (ಖರ್ಚಿನ ಲೆಕ್ಕದ ಸರ್ಟಿಫಿಕೇಟ್) ತನಕ

ಜೂನ್-ಜುಲೈ ಬಂತು ಅಂದ್ರೆ ನಮ್ಮ ಶಿರಸಿ-ಸಿದ್ದಾಪುರ ಕಡೆ ಉಪ್ಪಾಗೆ (ಸಿಪ್ಪೆ ಒಣಗಿಸಿ ಹುಳಿಗೆ ಬಳಸೋ ಕಾಡುಹಣ್ಣು) ಹಣ್ಣಾಗತ್ತೆ, ಹೊರಗೆ ಧೋ ಅಂತ ಮಳೆ, ಬಿಸಿಲಿನ ಮುಖ ಇಲ್ಲ, ಸಿಪ್ಪೆ ಒಂದು ದಿನ ಹಾಗೇ ಬಿಟ್ರೆ ಬೂಸಲು, ಹಾಗಾಗಿ ಹಗಲು ರಾತ್ರಿ ಒಲೆ ಉರಿಸಿ ಹೊಗೆಯಲ್ಲೇ ಒಣಗಿಸ್ಬೇಕು, ಅದಕ್ಕೆ ಹೋಗೋ ಕಟ್ಟಿಗೆ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯತ್ತೆ. ಕಡಿಮೆ ಕಟ್ಟಿಗೆಯಲ್ಲಿ ಒಣಗಿಸೋ ಒಂದು ಡ್ರೈಯರ್ ಮಾಡ್ಬೇಕು ಅಂತ ನಾನು ಮತ್ತೆ ನನ್ನ ಅಕ್ಕನ ಮಗ ಹೊರಟಾಗ ಮೊದಲು ಅನ್ಸಿದ್ದು, ಸರ್ಕಾರದಿಂದ ಸಬ್ಸಿಡಿ ಸಿಗಬಹುದಲ್ಲ ಅಂತ. ಸಿಕ್ತು, ಆದ್ರೆ ಎರಡು ಸಲ ರಿಜೆಕ್ಟ್ ಆದ್ಮೇಲೆ. ನಾವು ಎಲ್ಲೆಲ್ಲಿ ಎಡವಿದ್ವಿ ಅಂತ ಗೊತ್ತಾದ್ರೆ ನಿಮಗೆ ಒಂದು ವರ್ಷ ಉಳಿಯತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು: ನೀವು ಕೇಳ್ತಿರೋದು ಸಬ್ಸಿಡಿನಾ, ಆರ್ ಅಂಡ್ ಡಿ (ಸಂಶೋಧನೆ-ಅಭಿವೃದ್ಧಿ) ಗ್ರಾಂಟಾ?

ನಮ್ಮ ಮೊದಲನೇ ರಿಜೆಕ್ಷನ್ ಇದೇ ಕಾರಣಕ್ಕೆ ಆಗಿದ್ದು. ನಮ್ಮ ಊರಲ್ಲಿ ಸಬ್ಸಿಡಿ ಅಂದ್ರೆ ಎಲ್ಲರಿಗೂ ನೆನಪಾಗೋದು ಮಷಿನ್ ತಗೊಂಡ್ರೆ ವಾಪಸ್ ಬರೋ ದುಡ್ಡು. ಪಿಎಂಎಫ್‌ಎಂಇ ಅಂತಾರಲ್ಲ, ಸಣ್ಣ ಆಹಾರ ಸಂಸ್ಕರಣಾ ಘಟಕಕ್ಕೆ, ಅದ್ರಲ್ಲಿ ಬ್ಯಾಂಕ್ ಲೋನ್ ಜೊತೆ 35 ಪರ್ಸೆಂಟ್, ಗರಿಷ್ಠ 10 ಲಕ್ಷ. ಕರಾವಳಿಯಲ್ಲಿ ಮತ್ಸ್ಯಸಂಪದ ಯೋಜನೆ, ಪಂಜರದಲ್ಲಿ ಮೀನು ಸಾಕೋದಕ್ಕೆಲ್ಲ, ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ 40 ಪರ್ಸೆಂಟ್, ಮಹಿಳೆಯರು ಮತ್ತು ಎಸ್‌ಸಿ-ಎಸ್‌ಟಿಗೆ 60. ಇವೆಲ್ಲ ಈಗಾಗಲೇ ಕೆಲಸ ಮಾಡ್ತದೆ ಅಂತ ಗೊತ್ತಿರೋ ವಸ್ತುಗೆ ಕೊಡೋದು. ಮಾರ್ಕೆಟಲ್ಲಿ ಸಿಗೋ ಡ್ರೈಯರ್ ತಂದು ಕೋಕಂ (ಮುರುಗಲು) ಒಣಗಿಸಿ ಮಾರ್ತೀನಿ ಅಂದ್ರೆ ನೀವು ಹೋಗ್ಬೇಕಾದ್ದು ಇಲ್ಲಿಗೆ.

ಆರ್ ಅಂಡ್ ಡಿ ಗ್ರಾಂಟ್ ಕೊಡೋರು ಕೇಳೋದು ಬೇರೆ. ಇದರಲ್ಲಿ ಇನ್ನೂ ಗೊತ್ತಿಲ್ಲದೇ ಇರೋದು ಎಂತ? ಅದನ್ನ ಹೇಗೆ ಪತ್ತೆ ಮಾಡ್ತೀರಿ? ಆಗದೇ ಇದ್ರೆ ಅದೂ ಒಂದು ಉತ್ತರ ಅಂತ ಒಪ್ಕೋತೀರಾ? ಉಪ್ಪಾಗೆ ಸಿಪ್ಪೆ ದಪ್ಪ, ಹುಳಿ ಜಾಸ್ತಿ, ಸಾಮಾನ್ಯ ಕಬ್ಬಿಣದ ತಟ್ಟೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯತ್ತೆ, ಶಾಖ ಜಾಸ್ತಿ ಆದ್ರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯತ್ತೆ, ಗಾಳಿಯಲ್ಲೇ ತೇವ ತುಂಬಿರೋವಾಗ ಎಷ್ಟು ಶಾಖ, ಎಷ್ಟು ಗಾಳಿ ಕೊಡ್ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ. ಅದು ಪ್ರಶ್ನೆ. ಆ ಪ್ರಶ್ನೆಗೆ ದುಡ್ಡು ಕೊಡ್ತಾರೆ. ಶೆಡ್ ಕಟ್ಟೋಕೆ, ಜಾಗ ತಗೊಳ್ಳೋಕೆ, ಹಳೇ ಸಾಲ ತೀರ್ಸೋಕೆ ಕೊಡಲ್ಲ. ನಾವು ಮೊದಲನೇ ಅರ್ಜಿಯಲ್ಲಿ ಅರ್ಧ ದುಡ್ಡು ಶೆಡ್ಡಿಗೆ ಅಂತ ಹಾಕಿದ್ವಿ, ಕಮಿಟಿಯವರು ಮೂರನೇ ಪುಟ ನೋಡಿರ್ಲಿಕ್ಕೂ ಇಲ್ಲ.

ಎರಡನೇದು: ನಿಮ್ಮ ಕೆಲಸ ಯಾವ ಹಂತದಲ್ಲಿದೆ ಅಂತ ಸುಳ್ಳಿಲ್ದೆ ಹೇಳಿ

ಹೆಚ್ಚಿನ ಫಾರ್ಮಲ್ಲಿ ಟಿಆರ್‌ಎಲ್ (ಟೆಕ್ನಾಲಜಿ ರೆಡಿನೆಸ್ ಲೆವೆಲ್, ಅಂದ್ರೆ ತಂತ್ರಜ್ಞಾನ ಎಷ್ಟು ಸಿದ್ಧ ಆಗಿದೆ ಅನ್ನೋದು) ಅಂತ ಒಂದು ಕಾಲಂ ಇರತ್ತೆ. ನಾಸಾದಿಂದ ಬಂದ ಅಳತೆ ಇದು, 1ರಿಂದ 9. ಹೆದರಬೇಡಿ, ಉಪ್ಪಾಗೆ ಡ್ರೈಯರ್ ಲೆಕ್ಕದಲ್ಲೇ ಹೇಳ್ತೀನಿ. ತತ್ವ ಗೊತ್ತು, ಪುಸ್ತಕದಲ್ಲಿ ಗೆರೆ ಎಳೆದಿದೀರಿ ಅಂದ್ರೆ 1-2. ಅಡುಗೆ ಮನೆ ಒಲೆ ಮೇಲೆ ಹಳೇ ಡಬ್ಬ ಇಟ್ಟು, ಫ್ಯಾನ್ ಕಟ್ಟಿ, ಅರ್ಧ ಕೆಜಿ ಸಿಪ್ಪೆ ಒಣಗಿಸಿ ನೋಡಿದೀರಿ ಅಂದ್ರೆ 3. ಎಲ್ಲಾ ಭಾಗ ಸೇರ್ಸಿ ಶೆಡ್ಡಲ್ಲಿ ಅಳತೆ ಮಾಡಿ ಓಡಿಸಿದೀರಿ ಅಂದ್ರೆ 4. ನಿಜವಾದ ಮಳೆಗಾಲದಲ್ಲಿ, ನಿಜವಾದ ರೈತರ ಮನೆಯಲ್ಲಿ, ಅವರೇ ಓಡಿಸೋ ತರ ಟ್ರಯಲ್ ಆಗಿದೆ ಅಂದ್ರೆ 5-6. ಗಿರಾಕಿಗಳ ಹತ್ರ ವರ್ಷಗಟ್ಲೆ ಓಡ್ತಾ ಇದೆ ಅಂದ್ರೆ 9.

ಜಾಸ್ತಿ ನಂಬರ್ ಹಾಕಿದ್ರೆ ಚೆನ್ನಾಗಿ ಕಾಣತ್ತೆ ಅಂತ 6 ಹಾಕ್ಬೇಡಿ. ಟಿಆರ್‌ಎಲ್ 3ಕ್ಕೆ ಅಂತಲೇ ಇರೋ ಗ್ರಾಂಟಿಗೆ 6 ಅಂತ ಬರೆದ್ರೆ ನಿಮಗೆ ಇದು ಬೇಕಾಗಿಲ್ಲ ಅಂತ ವಾಪಸ್ ಕಳಿಸ್ತಾರೆ. ಉಲ್ಟಾನೂ ಇದೆ: ಕೇಂದ್ರ ಸರ್ಕಾರದ 1 ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ, ಇನ್ನೋವೇಶನ್) ಫಂಡ್ ಅಂತ ನ್ಯೂಸಲ್ಲಿ ನೋಡಿ ಸುಮಾರು ಜನ ನನ್ನ ಕೇಳಿದ್ರು, 2025ರ ಜುಲೈಯಲ್ಲಿ ಕ್ಯಾಬಿನೆಟ್ ಒಪ್ಪಿದ್ದು, ಅದು ಟಿಆರ್‌ಎಲ್ 4 ಮತ್ತು ಮೇಲೆ ಇರೋ ಕೆಲಸಕ್ಕೆ, ಅದೂ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಅಥವಾ ಷೇರು ರೂಪದಲ್ಲಿ. ಗ್ರಾಂಟ್ ಅಲ್ಲ ಅದು. ಡಬ್ಬ-ಫ್ಯಾನ್ ಹಂತದಲ್ಲಿರೋರು ಆ ಕಡೆ ನೋಡೋದೇ ಬೇಡ.

ಮೂರನೇದು: ಯಾವ ಬಾಗಿಲು ತಟ್ಟೋದು

ಎಲ್ಲಾ ಸ್ಕೀಮೂ ಇಲ್ಲಿ ಹಾಕಲ್ಲ, ನಮ್ಮ ಜಿಲ್ಲೆಯವರಿಗೆ ಉಪಯೋಗಕ್ಕೆ ಬರೋದು ಮಾತ್ರ. ಕಾಲ್ (ಅರ್ಜಿಗೆ ಕರೆ) ಓಪನ್ ಇದೆಯಾ ಅಂತ ಅರ್ಜಿ ಹಾಕೋ ವಾರ ಆಯಾ ಪೋರ್ಟಲ್ ತೆಗೆದು ನೋಡ್ಕೊಳ್ಳಿ, ಗೈಡ್‌ಲೈನ್ಸ್ ಪಿಡಿಎಫ್ ಡೌನ್‌ಲೋಡ್ ಮಾಡಿ ಪೂರ್ತಿ ಓದಿ, ವಾಟ್ಸಾಪಲ್ಲಿ ಬಂದ ಒಂದು ಪುಟದ ಸಾರಾಂಶ ನಂಬ್ಬೇಡಿ.

ಕಂಪನಿ ಇಲ್ಲ, ಬರೀ ಐಡಿಯಾ, ಕೈಗೆ ಸಿಗೋ ವಸ್ತು ಮಾಡ್ಬೇಕು ಅಂತ ಇರೋರಿಗೆ ನಿಧಿ-ಪ್ರಯಾಸ್. ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯದು, ಪ್ರೊಟೊಟೈಪ್ (ಮೊದಲ ಮಾದರಿ) ಮಾಡೋಕೆ ಗರಿಷ್ಠ 10 ಲಕ್ಷ, ಇನ್‌ಕ್ಯೂಬೇಟರ್ (ಹೊಸ ಉದ್ಯಮಕ್ಕೆ ಜಾಗ, ಸಲಹೆ ಕೊಟ್ಟು ಬೆಳೆಸೋ ಸಂಸ್ಥೆ) ಮೂಲಕ ಬರತ್ತೆ. ಬರೀ ಆ್ಯಪ್, ಸಾಫ್ಟ್‌ವೇರ್ ಮಾಡೋರಿಗೆ ಅಲ್ಲ ಇದು. ಅದೇ ಇಲಾಖೆಯ ನಿಧಿ-ಇಐಆರ್ ಅಂತ ಇದೆ, ಕೆಲಸ ಬಿಟ್ಟು ಸ್ಟಾರ್ಟಪ್ಪಿಗೆ ಇಳಿಯೋರಿಗೆ ತಿಂಗಳಿಗೆ 30 ಸಾವಿರದವರೆಗೆ ಫೆಲೋಶಿಪ್, ಬೆಂಗಳೂರಿಂದ ಊರಿಗೆ ವಾಪಸ್ ಬರೋ ಹುಡುಗ್ರು ಹುಡುಗೀರು ಇದನ್ನ ನೋಡ್ಲೇಬೇಕು.

ಕೃಷಿ ಸಂಬಂಧದ್ದಾದ್ರೆ ಕೇಂದ್ರ ಕೃಷಿ ಇಲಾಖೆಯ ಆರ್‌ಕೆವಿವೈ-ರಫ್ತಾರ್. ಇದು ನಮಗೆ ತೀರಾ ಹತ್ರ, ಯಾಕಂದ್ರೆ ಈ ಸ್ಕೀಮಿಗೆ ಮಾರ್ಗದರ್ಶನ ಮಾಡೋಕೆ ದೇಶದಲ್ಲಿ ಆರಿಸಿದ 5 ನಾಲೆಜ್ ಪಾರ್ಟ್‌ನರ್‌ಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಒಂದು, ನಮ್ಮ ಶಿರಸಿ ಫಾರೆಸ್ಟ್ರಿ ಕಾಲೇಜು ಅದೇ ವಿವಿಯದ್ದೇ. ಐಡಿಯಾ ಹಂತಕ್ಕೆ 5 ಲಕ್ಷದವರೆಗೆ, ಅದ್ರಲ್ಲಿ 90 ಪರ್ಸೆಂಟ್ ಗ್ರಾಂಟ್, 10 ಪರ್ಸೆಂಟ್ ನಿಮ್ಮ ಕೈಯಿಂದ. ಸೀಡ್ ಹಂತಕ್ಕೆ 25 ಲಕ್ಷದವರೆಗೆ, ಅಲ್ಲಿ ನಿಮ್ಮ ಪಾಲು 15 ಪರ್ಸೆಂಟ್. ಆ ನಿಮ್ಮ ಪಾಲು ಎಲ್ಲಿಂದ ಬರತ್ತೆ ಅಂತ ಅರ್ಜಿ ಹಾಕೋ ಮುಂಚೆನೇ ಯೋಚಿಸಿ. ಅಡಿಕೆ ದುಡ್ಡು ಕೈಗೆ ಬರೋ ಕಾಲ ಬೇರೆ, ಕಂತು ಬರೋ ಕಾಲ ಬೇರೆ.

ಬಯೋಟೆಕ್ ಇದ್ರೆ, ಅಂದ್ರೆ ಆರೋಗ್ಯ, ಕೃಷಿ ಜೈವಿಕ, ಸಮುದ್ರ ಜೀವಿ ಇಂಥದ್ದು, ಬಿರಾಕ್ ಅನ್ನೋ ಕೇಂದ್ರ ಸರ್ಕಾರದ ಬಯೋಟೆಕ್ ಸಂಸ್ಥೆಯ ಬಿಗ್ ಗ್ರಾಂಟ್. 50 ಲಕ್ಷದವರೆಗೆ, 18 ತಿಂಗಳು. ಬೆಂಗಳೂರಿನ ಸಿ-ಕ್ಯಾಂಪ್ ಅನ್ನೋ ಇನ್‌ಕ್ಯೂಬೇಟರ್ ಇದರ ಪಾರ್ಟ್‌ನರ್‌ಗಳಲ್ಲಿ ಒಂದು. ಕಾರವಾರ ಕುಮಟಾ ಕಡೆಯವರು ಇದನ್ನ ಯಾಕೆ ಬಳಸ್ಕೊಳ್ತಿಲ್ಲ ಅಂತ ನನಗೆ ಬೇಜಾರು. ಅಘನಾಶಿನಿ ಅಳಿವೆಯಲ್ಲಿ ಬಳಚು (ತಿನ್ನೋ ಚಿಪ್ಪುಜೀವಿ) ಹೆಕ್ಕಿ ಎಷ್ಟು ಮನೆ ನಡೀತದೆ, ಅದನ್ನ ಶುದ್ಧ ಉಪ್ಪುನೀರಲ್ಲಿ ಇಟ್ಟು ಮರಳು, ಬ್ಯಾಕ್ಟೀರಿಯಾ ಹೊರಗೆ ಹಾಕ್ಸೋ ಸಣ್ಣ ಟ್ಯಾಂಕ್ ಒಂದು ಯಾರಾದ್ರೂ ಹಳ್ಳಿ ಮಟ್ಟಕ್ಕೆ ಮಾಡಿದ್ರೆ ಒಳ್ಳೇ ಪ್ರಾಜೆಕ್ಟ್ ಅದು. ಕಾರವಾರದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ, ಕರ್ನಾಟಕ ವಿವಿಯ ಕಡಲ ಜೀವಶಾಸ್ತ್ರ ವಿಭಾಗ ಇದೆ, ಕೇಳೋಕೆ ಜನ ಇದಾರೆ.

ಕಂಪನಿ ಆಗಿರೋ ಸ್ಟಾರ್ಟಪ್ಪಿಗೆ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್, 2021ರಲ್ಲಿ 945 ಕೋಟಿ ಇಟ್ಟು ಶುರು ಮಾಡಿದ್ದು. ಪ್ರೂಫ್ ಆಫ್ ಕಾನ್ಸೆಪ್ಟ್, ಪ್ರೊಟೊಟೈಪ್, ಟ್ರಯಲ್‌ಗೆ 20 ಲಕ್ಷದವರೆಗೆ ಗ್ರಾಂಟ್; ಮಾರ್ಕೆಟಿಗೆ ಹೋಗೋಕೆ 50 ಲಕ್ಷದವರೆಗೆ, ಆದ್ರೆ ಆ ಎರಡನೇದು ಸಾಲ ಅಥವಾ ಕನ್ವರ್ಟಿಬಲ್ ಡಿಬೆಂಚರ್ (ಮುಂದೆ ಷೇರಾಗಿ ಬದಲಾಗಬಹುದಾದ ಸಾಲಪತ್ರ). ಇದರ ನಿಯಮದಲ್ಲಿ ನಾಲ್ಕು ಮಾತು ಅಂಡರ್‌ಲೈನ್ ಮಾಡಿ: ಅರ್ಜಿ ಹಾಕೋ ದಿನಕ್ಕೆ ಕಂಪನಿಗೆ 2 ವರ್ಷ ಮೀರಿರಬಾರದು, ಭಾರತೀಯ ಪ್ರಮೋಟರ್‌ಗಳ ಷೇರು 51 ಪರ್ಸೆಂಟ್ ಇರ್ಬೇಕು, ಬೇರೆ ಕೇಂದ್ರ-ರಾಜ್ಯ ಸ್ಕೀಮಲ್ಲಿ 10 ಲಕ್ಷಕ್ಕಿಂತ ಜಾಸ್ತಿ ತಗೊಂಡಿರಬಾರದು, ಇನ್‌ಕ್ಯೂಬೇಟರ್ ನಿಮ್ಮಿಂದ ಯಾವ ಹೆಸರಲ್ಲೂ ಫೀಸ್ ತಗೊಳ್ಳೋ ಹಾಗಿಲ್ಲ. ಒಂದೇ ಸಲಕ್ಕೆ ಮೂರು ಇನ್‌ಕ್ಯೂಬೇಟರ್ ತನಕ ಆರಿಸ್ಕೋಬಹುದು, ಅಲ್ಲೇ ಹೋಗಿ ಕೂರ್ಬೇಕು ಅಂತನೂ ಕಡ್ಡಾಯ ಇಲ್ಲ, ನಮ್ಮಂಥ ಘಟ್ಟದ ಮೇಲಿನವರಿಗೆ ಇದು ದೊಡ್ಡ ಅನುಕೂಲ.

ರಾಜ್ಯದ್ದು ಎಲಿವೇಟ್, 2017ರಿಂದ ನಡೀತಾ ಇದೆ. 50 ಲಕ್ಷದವರೆಗೆ, ಷೇರು ಕೇಳಲ್ಲ, ಕಂತಿನಲ್ಲಿ ಬರತ್ತೆ. ಕರ್ನಾಟಕದಲ್ಲಿ ನೋಂದಣಿ ಆದ ಸ್ಟಾರ್ಟಪ್ ಆಗಿರ್ಬೇಕು, ಜ್ಯೂರಿ ಮುಂದೆ ಹೋಗಿ ಪಿಚ್ ಮಾಡ್ಬೇಕು.

ಶಾಲೆ ಅರ್ಧಕ್ಕೆ ಬಿಟ್ಟ ಆದ್ರೆ ಕೈಯಲ್ಲಿ ಚಮತ್ಕಾರ ಇರೋ ಲೇತ್ ಕೆಲಸದವರು, ದೋಟಿ (ಕಾಯಿ ಕೊಯ್ಯೋ ಉದ್ದ ಕೋಲು) ಮಾಡೋರು, ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಹೊಸ ಉಪಾಯ ಹುಡುಕಿದ ಕೊನೆಗೌಡರು (ಅಡಿಕೆ ಮರ ಹತ್ತಿ ಕೊನೆ ಕೊಯ್ಯೋರು) ಇವರಿಗೆಲ್ಲ ಮೇಲಿನ ಯಾವುದೂ ಸುಲಭ ಅಲ್ಲ. ಅಂಥವರಿಗೆ ಅಂತಲೇ 2000ದಲ್ಲಿ ಶುರುವಾದ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ಇದೆ, ಗುಜರಾತಿನ ಗಾಂಧಿನಗರದಲ್ಲಿ. ನಿಮ್ಮ ಪಕ್ಕದ ಮನೆಯಲ್ಲಿ ಅಂಥವರು ಇದ್ರೆ ದಯವಿಟ್ಟು ಅವರ ಪರವಾಗಿ ನೀವು ಬರೆದುಕೊಡಿ.

ನಾಲ್ಕನೇದು: ಕಾಗದಪತ್ರ

ಉದ್ಯಮ್ (ಸಣ್ಣ ಉದ್ಯಮದ) ನೋಂದಣಿ ಫ್ರೀ, ಕೇಂದ್ರದ ಕೈಗಾರಿಕೆ ಇಲಾಖೆ ಡಿಪಿಐಐಟಿ ಕೊಡೋ ಸ್ಟಾರ್ಟಪ್ ಮಾನ್ಯತೆನೂ ಫ್ರೀ. ಎರಡಕ್ಕೂ ದುಡ್ಡು ಕೇಳೋ ಏಜೆಂಟ್ ಸಿಕ್ಕಿದ್ರೆ ಕೈ ಮುಗಿದು ಬಂದ್ಬಿಡಿ. ಸ್ವಂತ ಹೆಸರಿನ ಪ್ರೊಪ್ರೈಟರ್‌ಶಿಪ್ ಅಂಗಡಿಗೆ ಡಿಪಿಐಐಟಿ ಮಾನ್ಯತೆ ಸಿಗಲ್ಲ. ಪ್ರೈವೇಟ್ ಲಿಮಿಟೆಡ್ಡೋ, ಎಲ್‌ಎಲ್‌ಪಿನೋ, ನೋಂದಾಯಿತ ಪಾರ್ಟ್‌ನರ್‌ಶಿಪ್ಪೋ ಬೇಕು. ಆದ್ರೆ ಅವಸರದಲ್ಲಿ ಕಂಪನಿ ಮಾಡ್ಬೇಡಿ. ಕಂಪನಿ ಹುಟ್ಟಿದ ದಿನದಿಂದ ಆ 2 ವರ್ಷದ ಲೆಕ್ಕ ಶುರು, ಜೊತೆಗೆ ವರ್ಷ ವರ್ಷ ಆಡಿಟ್, ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಫೈಲಿಂಗ್ ಖರ್ಚು. ಪ್ರಯಾಸ್ ತರದ್ದು ವ್ಯಕ್ತಿಯಾಗಿ ಮುಗಿಸಿ, ಆಮೇಲೆ ಕಂಪನಿ ಮಾಡಿ ಸೀಡ್ ಫಂಡಿಗೆ ಹೋಗೋದು ನನ್ನ ಪ್ರಕಾರ ಸರಿಯಾದ ದಾರಿ.

ಐದನೇದು: ತೋರ್ಸೋ ಮುಂಚೆ ಪೇಟೆಂಟ್ ಅರ್ಜಿ

ಧಾರವಾಡ ಕೃಷಿಮೇಳದಲ್ಲಿ ಮಷಿನ್ ಇಟ್ಟು, ವಿಡಿಯೋ ಹಾಕಿ, ಆಮೇಲೆ ಪೇಟೆಂಟ್ ಅಂದ್ರೆ ಕಷ್ಟ, ಹೊಸದು ಅನ್ನೋ ಹಕ್ಕೇ ಹೋಗ್ಬಿಡಬಹುದು. ಮುಂಚೆನೇ ಪ್ರೊವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಫೀಸ್ 1,600 ರೂಪಾಯಿ, ದೊಡ್ಡ ಕಂಪನಿಗಾದ್ರೆ 8,000. ಅಲ್ಲಿಂದ 12 ತಿಂಗಳೊಳಗೆ ಪೂರ್ತಿ ವಿವರ ಕೊಡ್ಬೇಕು, ಆಮೇಲೆ ಪೇಟೆಂಟ್ ಆಫೀಸಿನವರು ಪರಿಶೀಲಿಸ್ಲಿ ಅಂತ ಕೇಳೋಕೆ 4,000. ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ಯಮ) ಆದ್ರೆ ಪೇಟೆಂಟ್ ಸಿಕ್ಕಮೇಲೆ ಎಂಎಸ್‌ಎಂಇ ಇನ್ನೋವೇಟಿವ್ ಸ್ಕೀಮಲ್ಲಿ 1 ಲಕ್ಷದವರೆಗೆ ವಾಪಸ್ ಕೇಳ್ಬಹುದು.

ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ನೋಡ್ಕೊಳ್ಳಿ, ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ, ಸಾಂಪ್ರದಾಯಿಕ ಜ್ಞಾನಕ್ಕೂ ಇಲ್ಲ. ಅಜ್ಜಿ ಹೇಳ್ಕೊಟ್ಟ ಕಷಾಯ ಹಾಗೇ ಬರೆದ್ರೆ ಆಗಲ್ಲ, ಡ್ರೈಯರ್ ಅನ್ನೋ ಯಂತ್ರಕ್ಕೆ ಆಗತ್ತೆ. ಇನ್ನೊಂದು, ನಮ್ಮ ಜಿಲ್ಲೆಯವರು ಮರೆಯೋದು: ಉಪ್ಪಾಗೆ, ಮುರುಗಲು ಇಂಥ ಕಾಡುತ್ಪನ್ನದಿಂದ ಸಾರ ತೆಗೆದು ಪೇಟೆಂಟ್ ಮಾಡೋದಾದ್ರೆ ಜೀವವೈವಿಧ್ಯ ಕಾಯ್ದೆ ಅಡಿಯಲ್ಲಿ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಪ್ರಕ್ರಿಯೆ ಇದೆ, ಅದನ್ನ ಟೈಮ್‌ಲೈನಲ್ಲಿ ಸೇರ್ಸಿ.

ಆರನೇದು: ಅರ್ಜಿ ಬರೆಯೋದು

ಇಲ್ಲೇ ಗೆಲ್ಲೋದು ಸೋಲೋದು. ನಮ್ಮ ಮೊದಲನೇ ಅರ್ಜಿಯ ವಾಕ್ಯ ಹೀಗಿತ್ತು: ‘ನಮ್ಮ ಡ್ರೈಯರಿನಿಂದ ರೈತರಿಗೆ ತುಂಬಾ ಅನುಕೂಲವಾಗುತ್ತದೆ, ಕಾಡು ಉಳಿಯುತ್ತದೆ, ಗುಣಮಟ್ಟ ಹೆಚ್ಚುತ್ತದೆ.’ ಮೂರೂ ನಿಜ, ಮೂರಕ್ಕೂ ಅಳತೆ ಇಲ್ಲ. ಕೊನೆಗೆ ಪಾಸಾದ ಅರ್ಜಿಯ ವಾಕ್ಯ: ‘50 ಕೆಜಿ ಹಸಿ ಸಿಪ್ಪೆಯನ್ನು ಮಳೆಗಾಲದಲ್ಲಿ ಒಣಗಿಸಲು ಸಾಂಪ್ರದಾಯಿಕ ಒಲೆಗೆ ಬೇಕಾಗುವ ಕಟ್ಟಿಗೆಯನ್ನು ತೂಗಿ ದಾಖಲಿಸಿದ್ದೇವೆ, ಅದರ ಅರ್ಧ ಕಟ್ಟಿಗೆಯಲ್ಲಿ ಅದೇ ತೇವಾಂಶಕ್ಕೆ ತರುವುದು ನಮ್ಮ ಗುರಿ, ಹತ್ತು ಬ್ಯಾಚಿನಲ್ಲಿ ಏಳಾದರೂ ಗುರಿ ಮುಟ್ಟದಿದ್ದರೆ ಗಾಳಿಯ ದಾರಿಯ ವಿನ್ಯಾಸ ಬದಲಿಸುತ್ತೇವೆ.’ ವ್ಯತ್ಯಾಸ ಕಾಣ್ತಲ್ಲ?

ಇದಕ್ಕೆ ದೊಡ್ಡ ಲ್ಯಾಬ್ ಬೇಡ. ನಾವು ಮಾಡಿದ್ದು ಇಷ್ಟೇ: ತೂಕದ ಕಾಟಾ ಒಂದು, ಒಲೆ ಪಕ್ಕ ಕಟ್ಟಿಗೆ ರಾಶಿ, ಒಂದು ನೋಟ್‌ಬುಕ್. ಒಲೆಗೆ ಹಾಕೋ ಪ್ರತಿ ಹೊರೆ ತೂಗಿ ಬರೆಯೋದು, ಮೂರು ಗಂಟೆಗೊಮ್ಮೆ ಅದೇ ಹತ್ತು ಸಿಪ್ಪೆ, ದಾರ ಕಟ್ಟಿ ಗುರುತು ಮಾಡಿದ್ದು, ತೂಗಿ ಬರೆಯೋದು. ತೂಕ ಇಳಿಯೋದು ನಿಂತ್ರೆ ಒಣಗಿತು ಅಂತ. ರಾತ್ರಿ ಎರಡು ಗಂಟೆಗೆ ನನ್ನ ಅತ್ತಿಗೆ ಎದ್ದು ತೂಗಿದ್ದು ಆ ನೋಟ್‌ಬುಕ್ಕಲ್ಲಿ ಇದೆ, ಹೊಗೆಗೆ ಹಳದಿ ಆದ ಪುಟ. ಪ್ರೆಸೆಂಟೇಶನ್ ದಿನ ಕಮಿಟಿಯವರು ಸ್ಲೈಡ್ ಬಿಟ್ಟು ಆ ನೋಟ್‌ಬುಕ್ಕನ್ನೇ ಕೈಗೆ ತಗೊಂಡು ನೋಡಿದ್ರು.

ಮೈಲ್‌ಸ್ಟೋನ್ (ಯಾವ ಕೆಲಸ ಯಾವಾಗ ಮುಗಿಸ್ತೀವಿ ಅನ್ನೋ ಹಂತ) ಹಾಕೋವಾಗ ನಮ್ಮ ಕ್ಯಾಲೆಂಡರ್ ನೆನಪಿರ್ಲಿ. ಉಪ್ಪಾಗೆ ಟ್ರಯಲ್ ಜನವರಿಯಲ್ಲಿ ಅಂತ ಬರೆದ್ರೆ ಹಣ್ಣು ಎಲ್ಲಿಂದ ತರ್ತೀರಿ? ಮೀನಿನ ಪ್ರಾಜೆಕ್ಟ್ ಆದ್ರೆ ಮಳೆಗಾಲದಲ್ಲಿ ಯಾಂತ್ರೀಕೃತ ಬೋಟ್ ಬಂದ್ ಇರತ್ತೆ. ಕಂತು ಬರೋದು ಮೈಲ್‌ಸ್ಟೋನ್ ಮುಗಿದ ಮೇಲೆ, ಸೀಸನ್ ತಪ್ಪಿದ್ರೆ ಕಂತೂ ಒಂದು ವರ್ಷ ಮುಂದೆ ಹೋಯ್ತು.

ಏಳನೇದು: ಬಜೆಟ್

ಸಾಮಾನ್ಯವಾಗಿ ಒಪ್ಪೋ ತಲೆಬರಹ: ಪ್ರೊಟೊಟೈಪ್ ಸಾಮಗ್ರಿ, ಫ್ಯಾಬ್ರಿಕೇಶನ್, ಟೆಸ್ಟಿಂಗ್, ಕೆಲಸದವರ ಸಂಬಳ, ಸ್ವಲ್ಪ ಪ್ರಯಾಣ, ಸ್ವಲ್ಪ ಇತರೆ. ಒಂದೊಂದಕ್ಕೂ ಕೋಟೇಶನ್ ಇಟ್ಕೊಳ್ಳಿ. ಸೀಡ್ ಫಂಡ್ ನಿಯಮದಲ್ಲಂತೂ ಯಾವುದೇ ಫೆಸಿಲಿಟಿ ಕಟ್ಟೋಕೆ ಈ ದುಡ್ಡು ಬಳಸ್ಲೇಬಾರದು ಅಂತ ಸ್ಪಷ್ಟ ಇದೆ. ಟೆಸ್ಟಿಂಗ್ ದುಡ್ಡು ಕಡಿಮೆ ಹಾಕ್ಬೇಡಿ, ಆಹಾರದ್ದಾದ್ರೆ ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ತರದ ಕಡೆ ರಿಪೋರ್ಟ್ ಮಾಡ್ಸಿದ್ರೆ ಅದರ ತೂಕನೇ ಬೇರೆ. ಒಂದೇ ಖರ್ಚನ್ನ ಎರಡು ಸ್ಕೀಮಲ್ಲಿ ತೋರ್ಸಬೇಡಿ, ಬೇರೆ ಕಡೆ ಅರ್ಜಿ ಹಾಕಿದ್ರೆ ಬಾಯಿಬಿಟ್ಟು ಹೇಳಿ, ಹೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ, ಮುಚ್ಚಿಟ್ರೆ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳೋ ಪರಿಸ್ಥಿತಿ ಬರಬಹುದು.

ಎಂಟನೇದು: ದುಡ್ಡು ಬಂದ್ಮೇಲೆ

ಸ್ಯಾಂಕ್ಷನ್ ಲೆಟರ್ ತಾರೀಖಿಗಿಂತ ಮುಂಚಿನ ಬಿಲ್ ನಡೆಯಲ್ಲ. ಆಗೇ ಆಗತ್ತೆ ಅಂತ ಫೋನಲ್ಲಿ ಹೇಳಿದ್ರಲ್ಲ ಅಂತ ನಾವು ಬ್ಲೋವರ್ 12 ದಿನ ಮುಂಚೆ ತಗೊಂಡ್ವಿ, 18 ಸಾವಿರ ನಮ್ಮ ಜೇಬಿಂದಲೇ ಹೋಯ್ತು. ಇನ್ನೊಂದು ಕಡೆ ವೆಲ್ಡಿಂಗ್ ಶಾಪಿನವರು ಕೆಲಸ ಚಿನ್ನದ ಹಾಗೆ ಮಾಡಿದ್ರು, ಬಿಲ್ ಮಾತ್ರ ಬಿಳಿ ಚೀಟಿ ಮೇಲೆ ಪೆನ್ನಲ್ಲಿ, ದುಡ್ಡು ಕ್ಯಾಶಲ್ಲಿ. ಅದೂ ತಿರಸ್ಕಾರ. ಕೆಲಸ ಕೊಡೋ ಮುಂಚೆನೇ ಕೇಳಿ: ‘ಅಣ್ಣಾ, ಕಂಪನಿ ಹೆಸರಿಗೆ ಪಕ್ಕಾ ಬಿಲ್ ಕೊಡ್ತೀರಲ್ಲ, ದುಡ್ಡು ಬ್ಯಾಂಕಿಗೇ ಹಾಕ್ತೀನಿ.’

ಗ್ರಾಂಟಿಗೆ ಅಂತ ಬೇರೆ ಅಕೌಂಟ್ ತೆಗೀರಿ, ಮನೆ ದುಡ್ಡು ಅದರೊಳಗೆ ಬರಬಾರದು. ಕೇಂದ್ರದ ಜಿಎಫ್‌ಆರ್ 2017 (ಸರ್ಕಾರಿ ಹಣಕಾಸು ನಿಯಮ) ಪ್ರಕಾರ ಗ್ರಾಂಟ್ ದುಡ್ಡಿಗೆ ಬಂದ ಬಡ್ಡಿ ಸರ್ಕಾರಕ್ಕೆ ವಾಪಸ್ ಹೋಗ್ಬೇಕು, ನಿಮ್ಮದು ಇನ್‌ಕ್ಯೂಬೇಟರ್ ಮೂಲಕ ಬಂದಿದ್ರೆ ಅಗ್ರಿಮೆಂಟಲ್ಲಿ ಹೇಗೆ ಬರೆದಿದೆ ನೋಡಿ ಹಾಗೆ ಕಟ್ಟಿ. ಖರ್ಚಾದ ಲೆಕ್ಕಕ್ಕೆ ಯುಟಿಲೈಸೇಶನ್ ಸರ್ಟಿಫಿಕೇಟ್, ಎಲ್ಲರೂ ಯೂಸಿ ಅಂತಾರೆ, ಜಿಎಫ್‌ಆರ್ 12-ಎ ಫಾರ್ಮು. ಸಿಎ ಸಹಿ ಹಾಕಿದ್ರೆ ಅದ್ರಲ್ಲಿ ಯುಡಿಐಎನ್ (ಸಿಎ ಸಹಿ ಅಸಲಿ ಅಂತ ಪರೀಕ್ಷಿಸೋ) ನಂಬರ್ ಇದೆಯಾ ನೋಡಿ. ಹಿಂದಿನ ಕಂತಿನ ಯೂಸಿ ಹೋಗದೆ ಮುಂದಿನ ಕಂತು ಬರಲ್ಲ, ಹಾಗಾಗಿ ಮಾರ್ಚ್ ಕೊನೆಗೆ ಓಡಾಡೋ ಬದಲು ತಿಂಗಳಿಗೊಮ್ಮೆ ಶನಿವಾರ ಸಂಜೆ ಕೂತು ಬಿಲ್ ಅಂಟ್ಸಿ ಎಂಟ್ರಿ ಮಾಡಿ.

ಟ್ಯಾಕ್ಸ್ ವಿಷ್ಯ ಚಿಕ್ಕದಾಗಿ: 2015ರ ಫೈನಾನ್ಸ್ ಆಕ್ಟ್ ಆದ್ಮೇಲೆ ಸರ್ಕಾರದ ಗ್ರಾಂಟ್ ಕೂಡ ಆದಾಯದ ವ್ಯಾಖ್ಯೆಯೊಳಗೆ ಬಂದಿದೆ, ಮಷಿನ್ ಕೊಳ್ಳೋಕೆ ಬಂದಿದ್ದಾದ್ರೆ ಮಷಿನ್ ಬೆಲೆಯಿಂದ ಅಷ್ಟು ಕಳೆದು ಸವಕಳಿ ಲೆಕ್ಕ ಹಾಕ್ಬೇಕು. ಗ್ರಾಂಟ್ ಬಂದ ವರ್ಷವೇ ಸಿಎಗೆ ಸ್ಯಾಂಕ್ಷನ್ ಲೆಟರ್ ತೋರ್ಸಿ.

ಕೊನೇದಾಗಿ ಆ ಮಷಿನ್. ಗ್ರಾಂಟಲ್ಲಿ ಮಾಡಿದ ವಸ್ತುನ ಕೇಳದೆ ಮಾರೋ ಹಾಗಿಲ್ಲ, ಕೊಡೋ ಹಾಗೂ ಇಲ್ಲ. ಒಂದು ಅಸೆಟ್ ರಿಜಿಸ್ಟರ್ ಇಡಿ, ಏನು, ಯಾವಾಗ, ಎಷ್ಟಕ್ಕೆ, ಎಲ್ಲಿದೆ ಅಂತ. ನಮ್ಮ ಡ್ರೈಯರಿನ ಬಾಗಿಲ ಮೇಲೆ ಅಕ್ಕನ ಮಗ ಬಿಳಿ ಪೇಂಟಲ್ಲಿ ಪ್ರಾಜೆಕ್ಟ್ ನಂಬರ್ ಬರೆದಿದಾನೆ, ಹೊಗೆ ಹಿಡಿದು ಕಪ್ಪಾದಾಗೆಲ್ಲ ಮತ್ತೆ ಬರೀತಾನೆ. ನೋಡೋಕೆ ಬರೋರು ಮೊದಲು ಕೇಳೋದೇ ಅದನ್ನ.